ಇಂಗ್ಲಿಷ್ ಪದದ ಮೂಲ ಹುಡುಕುವುದು ಹೇಗೆ? ಮನೆಯಲ್ಲೇ ಕೂತು ಮಾಡಬಹುದಾದ ಎಂಟು ಹಂತಗಳು

ಬಸ್ ಅನ್ನುವ ಪದ ಎಲ್ಲಿಂದ ಬಂತು? ಸ್ಯಾಲರಿಗೂ ಉಪ್ಪಿಗೂ ಸಂಬಂಧ ಇದೆಯಂತೆ, ನಿಜವಾ? ನಮ್ಮ ಕಾಸಿನಿಂದಲೇ ಇಂಗ್ಲಿಷಿನ ಕ್ಯಾಶ್ ಹುಟ್ಟಿತಾ? ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಪದ ಬೇರೆ ಬೇರೆ, ಪ್ರಶ್ನೆ ಒಂದೇ. ಒಂದೊಂದಕ್ಕೂ ಉತ್ತರ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಅದಕ್ಕೇ ಈ ಸಲ ಹುಡುಕುವ ದಾರಿಯನ್ನೇ ಬರೆಯುತ್ತಿದ್ದೇನೆ. ಇದನ್ನು ಕಲಿತರೆ ಯಾವ ಪದವನ್ನಾದರೂ ನೀವೇ ಬೆನ್ನಟ್ಟಬಹುದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪದದ ಮೂಲ ಅಂದರೆ ಅದು ನಡೆದು ಬಂದ ದಾರಿ. ಯಾವ ಊರಿನಿಂದ ಹೊರಟಿತು, ಯಾರ ಬಾಯಿಂದ ಯಾರ ಬಾಯಿಗೆ ಹೋಯಿತು, ಯಾವ ಕಾಲಕ್ಕೆ ಇಂಗ್ಲಿಷಿಗೆ ಬಂತು, ಇವನ್ನು ತೋರಿಸಬೇಕು. ಎರಡು ಪದ ಕೇಳುವುದಕ್ಕೆ ಒಂದೇ ಥರ ಇವೆ ಅಂತ ಸುಮ್ನೆ ಜೋಡಿಸಿದರೆ ಅದು ಊಹೆ, ಮೂಲ ಅಲ್ಲ.

ಏನೇನು ಬೇಕು?

ಒಂದು ಫೋನು ಅಥವಾ ಕಂಪ್ಯೂಟರ್, ಇಂಟರ್ನೆಟ್, ಒಂದು ನೋಟ್‌ಬುಕ್. ಒಂದು ಪದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ.

ನಿಘಂಟುಗಳಲ್ಲಿ ದಿನಬಳಕೆಗೆ ಎರಡು ಸಾಕು: ಎಟಿಮಾನ್‌ಲೈನ್ ಮತ್ತು ವಿಕ್ಷನರಿ. ಎರಡೂ ಉಚಿತ. ಎಟಿಮಾನ್‌ಲೈನ್ ಪದದ ಮೂಲಕ್ಕಾಗಿಯೇ ಇರುವ ನಿಘಂಟು, ಓದಲು ಸಲೀಸು. ವಿಕ್ಷನರಿಯನ್ನು ಯಾರು ಬೇಕಾದರೂ ತಿದ್ದಬಹುದು, ಹಾಗಾಗಿ ಅದನ್ನೊಂದನ್ನೇ ನಂಬಬೇಡಿ. ಇವೆಲ್ಲಕ್ಕೂ ದೊಡ್ಡಣ್ಣ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದರ ಮೊದಲ ಕಂತು 1884ರಲ್ಲಿ ಬಂತು, ಮೊದಲ ಆವೃತ್ತಿ ಮುಗಿಯಲು 1928 ಆಯಿತು. ಪೂರ್ತಿ ಓದಲು ಚಂದಾ ಕಟ್ಟಬೇಕು. ನಿಮ್ಮ ಹತ್ತಿರದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಒಮ್ಮೆ ವಿಚಾರಿಸಿ.

ನಮ್ಮ ಕಡೆಯಿಂದ ಹೋದ ಪದಗಳಿಗೆ ಇನ್ನೂ ಮೂರು ಪುಸ್ತಕ ಬೇಕಾಗುತ್ತವೆ. ಭಾರತದ ಬ್ರಿಟಿಷರ ಇಂಗ್ಲಿಷಿನಲ್ಲಿ ಸೇರಿದ ಪದಗಳ ನಿಘಂಟಾದ 1886ರ ಹಾಬ್ಸನ್-ಜಾಬ್ಸನ್, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, ಮತ್ತೆ ಬರೋ ಹಾಗೂ ಎಮೆನೋ ಸೇರಿ ಮಾಡಿದ ದ್ರಾವಿಡ ನಿಷ್ಪತ್ತಿ ಕೋಶ. ನಿಷ್ಪತ್ತಿ ಅಂದರೆ ಪದ ಹುಟ್ಟಿ ಬಂದ ಬಗೆ. ಇಂಗ್ಲಿಷಿನಲ್ಲಿ ಇದಕ್ಕೇ ಎಟಿಮಾಲಜಿ ಅನ್ನುತ್ತಾರೆ. ಮೂರೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ.

ಹಂತ 1: ಪದ ಬಿಡಿಸಿ

ಶಾಲೆಯಲ್ಲಿ "ಬಿಡಿಸಿ ಬರೆಯಿರಿ" ಅಂತ ಪ್ರಶ್ನೆ ಬರುತ್ತಿತ್ತಲ್ಲ, ಅದೇ ಕೆಲಸ. ಪದಕ್ಕೆ ಹಿಂದೆ ಮುಂದೆ ಅಂಟಿದ್ದನ್ನು ಬಿಡಿಸಿ ನಡುವಿನದನ್ನು ಹಿಡಿಯಿರಿ. ಬಿಸ್ಕೆಟ್ ಬಿಡಿಸಿದರೆ ಬಿಸ್ ಅಂದರೆ ಎರಡು ಸಲ, ಕೆಟ್ ಅಂದರೆ ಬೇಯಿಸಿದ್ದು. ಎರಡು ಸಲ ಬೇಯಿಸಿದ ರೊಟ್ಟಿ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಬಿಡಿಸಿದರೆ ಲ್ಯಾಟಿನ್ನಿನ ಏಳು, ಎಂಟು, ಒಂಬತ್ತು, ಹತ್ತು ಸಿಗುತ್ತವೆ. ಸಪ್ತ, ಅಷ್ಟ, ನವ, ದಶ ಗೊತ್ತಿರುವ ನಮಗೆ ಇದು ಕಿವಿಗೇ ಕೇಳಿಸುತ್ತದೆ. ಒಂಬತ್ತನೇ ತಿಂಗಳಿಗೆ ಏಳು ಅಂತ ಹೆಸರು ಯಾಕೆ ಅಂದರೆ, ರೋಮನ್ನರ ಹಳೆಯ ವರ್ಷ ಮಾರ್ಚಿನಲ್ಲಿ ಶುರುವಾಗುತ್ತಿತ್ತು.

ಬಸ್ ನನಗೆ ತುಂಬಾ ಇಷ್ಟವಾದ ಪದ. ಇದರ ಪೂರ್ತಿ ರೂಪ ಆಮ್ನಿಬಸ್. ಲ್ಯಾಟಿನ್ನಿನಲ್ಲಿ ಅದಕ್ಕೆ "ಎಲ್ಲರಿಗೂ" ಅಂತ ಅರ್ಥ. ಎಲ್ಲರೂ ಹತ್ತಬಹುದಾದ ಗಾಡಿ ಅಂತ ಫ್ರಾನ್ಸಿನಲ್ಲಿ ಇಟ್ಟ ಹೆಸರು. ಜಾರ್ಜ್ ಶಿಲಿಬೀರ್ ಎಂಬವರು 1829ರಲ್ಲಿ ಲಂಡನ್ನಿನಲ್ಲಿ ಇಂಥ ಕುದುರೆ ಗಾಡಿ ಓಡಿಸಿದರು. ಆಮೇಲೆ ಜನ ತಲೆ ಕತ್ತರಿಸಿ ಬಾಲ ಮಾತ್ರ ಉಳಿಸಿಕೊಂಡರು. ಆ ಬಾಲ ಒಂದು ವಿಭಕ್ತಿ ಪ್ರತ್ಯಯ ಅಷ್ಟೇ, ನಮ್ಮ "ಇಗೆ" ಇದ್ದ ಹಾಗೆ. "ಎಲ್ಲರಿಗೆ" ಅನ್ನುವುದರಲ್ಲಿ "ಎಲ್ಲರ" ಬಿದ್ದುಹೋಗಿ "ಇಗೆ" ಒಂದೇ ರಸ್ತೆಯಲ್ಲಿ ಓಡುತ್ತಿದೆ ಅಂದುಕೊಳ್ಳಿ.

ಎಚ್ಚರ: ಕಿವಿಗೆ ಕೇಳಿದ ಹಾಗೆ ಒಡೆಯಬೇಡಿ. ಹ್ಯಾಂಬರ್ಗರ್‌ನಲ್ಲಿ ಹಂದಿ ಮಾಂಸದ ಹ್ಯಾಮ್ ಇಲ್ಲ, ಜರ್ಮನಿಯ ಹ್ಯಾಂಬರ್ಗ್ ಊರು ಇದೆ. ಹಿಸ್ಟರಿಯಲ್ಲಿ "ಅವನ ಕತೆ" ಇಲ್ಲ. ಅದು ವಿಚಾರಣೆ, ಹುಡುಕಾಟ ಎಂಬ ಅರ್ಥದ ಗ್ರೀಕ್ ಪದ. ನೀವು ಒಡೆದ ಜಾಗ ಸರಿಯಾ ಅಂತ ನಿಘಂಟಿನಲ್ಲಿ ನೋಡಿದ ಮೇಲೇ ಮುಂದೆ ಹೋಗಿ.

ಹಂತ 2: ಯಾವ ಪದರದ್ದು ಅಂತ ಅಂದಾಜು ಮಾಡಿ

ಇಂಗ್ಲಿಷ್ ಪದರ ಪದರವಾಗಿ ಬೆಳೆದ ಭಾಷೆ. ಎಲ್ಲಕ್ಕಿಂತ ಕೆಳಗಿನ ಪದರ, 5ನೇ ಶತಮಾನದಿಂದ ಉತ್ತರ ಜರ್ಮನಿ ಮತ್ತು ಡೆನ್ಮಾರ್ಕ್ ಕಡೆಯಿಂದ ಬ್ರಿಟನ್ನಿಗೆ ಬಂದ ಆಂಗ್ಲ ಮತ್ತು ಸ್ಯಾಕ್ಸನ್ ಜನರದ್ದು. ಮದರ್, ಹೌಸ್, ವಾಟರ್, ಈಟ್, ಕೌ ಇವೆಲ್ಲ ಅವರ ಮನೆಮಾತು. ಅದರ ಮೇಲೆ ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರ ಪದರ: ಸ್ಕೈ, ಎಗ್, ವಿಂಡೋ. ವಿಂಡೋ ಅಂದರೆ ಮೂಲದಲ್ಲಿ "ಗಾಳಿಯ ಕಣ್ಣು". ನಮ್ಮ ಗವಾಕ್ಷಿ ಸಂಸ್ಕೃತದ ಗವಾಕ್ಷ, ಅಂದರೆ "ಹಸುವಿನ ಕಣ್ಣು". ಗೋಡೆಯಲ್ಲಿ ತೂತು ಕಂಡರೆ ಎರಡು ಕಡೆಯ ಜನರಿಗೂ ಕಣ್ಣೇ ನೆನಪಾಗಿದೆ ನೋಡಿ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ಇಂಗ್ಲೆಂಡ್ ಗೆದ್ದ. ಅಲ್ಲಿಂದ ಕೋರ್ಟು, ಜಡ್ಜು, ಗವರ್ನಮೆಂಟು ಬಂದವು. ಹಸು ಸಾಕುವವನ ಬಾಯಲ್ಲಿ ಕೌ ಉಳಿಯಿತು, ಅದೇ ದೊರೆಯ ಊಟದ ಮೇಜಿಗೆ ಬಂದಾಗ ಫ್ರೆಂಚಿನ ಬೀಫ್ ಆಯಿತು. ಶೀಪ್ ಮತ್ತು ಮಟನ್ ಕತೆಯೂ ಇದೇ. ಮುಂದೆ ವಿದ್ವಾಂಸರು ಲ್ಯಾಟಿನ್, ಗ್ರೀಕ್‌ನಿಂದ ರಾಶಿ ರಾಶಿ ಪದ ತಂದರು. ವ್ಯಾಪಾರ ಮತ್ತು ಆಳ್ವಿಕೆಯ ಕಾಲದಲ್ಲಿ ಕಾಫಿ, ಟೀ, ಬಂಗಲೆ, ಲೂಟಿ, ಜಂಗಲ್ ಸೇರಿದವು.

ಪದರ ಗುರುತಿಸಲು ಕಾಗುಣಿತ ಸಹಾಯ ಮಾಡುತ್ತದೆ. ನೈಫ್, ನೀ ಥರದ ಪದಗಳಲ್ಲಿ ಉಚ್ಚಾರಣೆಯಿಲ್ಲದ "ಕೆ" ಇದ್ದರೆ ಸಾಮಾನ್ಯವಾಗಿ ಹಳೆಯ ಪದರ. ಫೋನ್, ಫೋಟೋ ಹಾಗೆ "ಫ" ಸದ್ದಿಗೆ ಪಿ-ಎಚ್ ಬರೆದಿದ್ದರೆ ಸಾಮಾನ್ಯವಾಗಿ ಗ್ರೀಕ್. "ಷನ್" ಅಂತ ಮುಗಿದರೆ ಜಾಸ್ತಿ ಲ್ಯಾಟಿನ್ ಅಥವಾ ಫ್ರೆಂಚ್. ಇದು ಅಂದಾಜು ಮಾತ್ರ. ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ.

ಹಂತ 3: ನಿಘಂಟಿನ ಸಾಲು ಓದಲು ಕಲಿಯಿರಿ

ಹೊಸಬರು ಇಲ್ಲೇ ಕೈಬಿಡುವುದು ಜಾಸ್ತಿ. ನಿಘಂಟು ತೆಗೆದರೆ ಚಿಕ್ಕ ಅಕ್ಷರ, ಬಾಣ, ನಕ್ಷತ್ರ ಎಲ್ಲ ಕಾಣುತ್ತವೆ. ಹೆದರಬೇಡಿ, ನಾಲ್ಕೈದು ಗುರುತು ಗೊತ್ತಾದರೆ ಸಾಕು.

ಓ-ಇ ಅಂತಿದ್ದರೆ ಹಳೆಯ ಇಂಗ್ಲಿಷ್, ಸುಮಾರು 1150ರ ತನಕದ್ದು. ಎಂ-ಇ ಅಂದರೆ ನಡುಗಾಲದ ಇಂಗ್ಲಿಷ್, ಅಲ್ಲಿಂದ ಸುಮಾರು 1500ರ ತನಕ. ಓ-ಎಫ್ ಹಳೆಯ ಫ್ರೆಂಚ್. ಎಡಕ್ಕೆ ತಿರುಗಿದ ಬಾಣದ ತುದಿ ಇದ್ದರೆ "ಇದರಿಂದ ಬಂತು" ಅಂತ. ಇಸವಿಯ ಹಿಂದೆ "ಸಿ" ಇದ್ದರೆ "ಸುಮಾರು" ಅಂತ. ಪಿ-ಐ-ಇ ಅಂದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಎಲ್ಲಕ್ಕೂ ಹಿಂದಿದ್ದ ಮೂಲ ಭಾಷೆ. ಆ ಭಾಷೆಯ ಒಂದೇ ಒಂದು ಬರಹವೂ ಉಳಿದಿಲ್ಲ. ಅದಕ್ಕೇ ಅದರ ಪದಗಳ ಹಿಂದೆ ನಕ್ಷತ್ರದ ಗುರುತು ಹಾಕುತ್ತಾರೆ. "ಇದನ್ನು ಯಾರೂ ಎಲ್ಲೂ ಓದಿಲ್ಲ, ಹೋಲಿಕೆಯಿಂದ ಕಟ್ಟಿದ್ದು" ಅಂತ ಅದರ ಅರ್ಥ.

ಈಗ ಒಂದು ಪದವನ್ನು ಹತ್ತಿರದಿಂದ ನೋಡೋಣ. ಶುಗರ್.

ಎಟಿಮಾನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಕಾಲ ಸಿಗುತ್ತದೆ: 13ನೇ ಶತಮಾನದ ಕೊನೆ. ಆಮೇಲೆ ದಾರಿ. ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನ ಸುಕ್ರದಿಂದ. ಅದಕ್ಕೆ ಹಿಂದೆ ನಡುಗಾಲದ ಲ್ಯಾಟಿನ್. ಅದಕ್ಕೂ ಹಿಂದೆ ಅರಬ್ಬಿಯ ಸುಕ್ಕರ್, ಅದಕ್ಕೂ ಹಿಂದೆ ಪಾರಸಿಯ ಶಕರ್. ಕಟ್ಟಕಡೆಗೆ ಸಂಸ್ಕೃತದ ಶರ್ಕರಾ. ಶರ್ಕರಾ ಅಂದರೆ ಮೊದಲು ಮರಳು, ನೊರಜುಕಲ್ಲು. ಕಬ್ಬಿನ ಹಾಲು ಕಾಯಿಸಿ ಕಣ ಕಣವಾದಾಗ ಅದು ಮರಳಿನ ಹಾಗೆ ಕಂಡಿತು, ಹೆಸರು ಅಂಟಿತು.

ಇಲ್ಲಿ ನಿಲ್ಲಬೇಡಿ. ಅದೇ ಶರ್ಕರಾ ಕನ್ನಡದಲ್ಲಿ ಸಕ್ಕರೆ. ಶಾಲೆಯ ತತ್ಸಮ-ತದ್ಭವ ಪಟ್ಟಿಯಲ್ಲಿ ಓದಿದ್ದೀರಲ್ಲ? ಹಾಗೆ ನೋಡಿದರೆ ಶುಗರ್ ಕೂಡ ಒಂದು ತದ್ಭವವೇ, ಬಹಳ ಊರು ಸುತ್ತಿ ಬಂದ ತದ್ಭವ. ಇನ್ನು ಜಾಗರಿ, ಅಂದರೆ ಬೆಲ್ಲಕ್ಕಿರುವ ಇಂಗ್ಲಿಷ್ ಪದ. ಅದೂ ಇದರದ್ದೇ ಮಗು. ಪೋರ್ಚುಗೀಸರು ನಮ್ಮ ಪಡುವಣ ಕರಾವಳಿಯಲ್ಲಿ ಮಲಯಾಳದ ಚಕ್ಕರ, ಕನ್ನಡದ ಸಕ್ಕರೆ ಕೇಳಿಸಿಕೊಂಡು ಜಾಗರ ಅಂದರು, ಅದು ಇಂಗ್ಲಿಷಿಗೆ ಹೋಯಿತು. ಮೂರನೆಯದು ಸ್ಯಾಕರಿನ್. ಪಾಲಿಯ ಸಕ್ಖರ ಗ್ರೀಕರಿಗೆ ಹೋಗಿ ಲ್ಯಾಟಿನ್ನಿನಲ್ಲಿ ಸಕ್ಕಾರುಂ ಆಗಿತ್ತು. 1879ರಲ್ಲಿ ಪ್ರಯೋಗಾಲಯದಲ್ಲಿ ಕಂಡುಹಿಡಿದ ಸಿಹಿ ಪುಡಿಗೆ ಆ ಲ್ಯಾಟಿನ್ ಪದದಿಂದ ಹೆಸರು ಕಟ್ಟಿದರು. ಒಂದೇ ಬೇರು, ಮೂರು ದಾರಿ, ಮೂರು ಪದ. ಹೀಗೆ ಒಂದೇ ಮೂಲದಿಂದ ಬೇರೆ ಬೇರೆ ದಾರಿಯಲ್ಲಿ ಬಂದ ಪದಗಳಿಗೆ ಡಬ್ಲೆಟ್ ಅನ್ನುತ್ತಾರೆ. ಒಡಹುಟ್ಟಿದ ಪದಗಳು ಅನ್ನಬಹುದು.

ಎಚ್ಚರ: ಶುಗರ್ ಪದದಲ್ಲಿ "ಶ" ಕೇಳುತ್ತದೆ, ಶರ್ಕರಾದಲ್ಲೂ "ಶ" ಇದೆ, ಹಾಗಾಗಿ ಸಂಸ್ಕೃತದ "ಶ" ಹಾಗೇ ಉಳಿದುಬಂದಿದೆ ಅಂತ ಅನ್ನಿಸುತ್ತದೆ ಅಲ್ವಾ? ಇಲ್ಲ. ದಾರಿಯನ್ನು ಮತ್ತೆ ನೋಡಿ, ಅರಬ್ಬಿಯಲ್ಲಿ ಮತ್ತು ಫ್ರೆಂಚಿನಲ್ಲಿ "ಸ" ಆಗಿಬಿಟ್ಟಿತ್ತು. ಇಂಗ್ಲಿಷಿನಲ್ಲಿ "ಸ್ಯು" ಅನ್ನುತ್ತಾ ಅನ್ನುತ್ತಾ "ಶು" ಆಯಿತು, ಶೂರ್ ಎಂಬ ಪದದಲ್ಲಿ ಆದ ಹಾಗೆ. ಮೊದಲ ಮತ್ತು ಕೊನೆಯ ಮೆಟ್ಟಿಲು ನೋಡಿ ನಡುವಿನದ್ದನ್ನು ಹಾರಿದರೆ ಇಂಥ ತಪ್ಪು ಆಗುತ್ತದೆ. ಎಲ್ಲ ಮೆಟ್ಟಿಲೂ ಬರೆದುಕೊಳ್ಳಿ.

ಹಂತ 4: ಮೊದಲು ಯಾವಾಗ ಬರಹದಲ್ಲಿ ಕಂಡಿತು ಅಂತ ನೋಡಿ

ಸುಳ್ಳು ಕತೆ ಹಿಡಿಯುವುದಕ್ಕೆ ಇಸವಿಯಷ್ಟು ಒಳ್ಳೆಯ ಆಯುಧ ಬೇರೆ ಇಲ್ಲ. ವಾಟ್ಸಾಪಿನಲ್ಲಿ ಬರುವ ಪದಮೂಲದ ಕತೆಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು: ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಇಟ್ಟು ಬಿಡಿಸುವುದು. ನ್ಯೂಸ್ ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಅಂತ ಒಂದು ಇದೆ. ನಿಜದಲ್ಲಿ ನ್ಯೂ ಅಂದರೆ ಹೊಸದು, ನ್ಯೂಸ್ ಅಂದರೆ ಹೊಸ ಹೊಸವು. ಫ್ರೆಂಚಿನಲ್ಲೂ ಇದೇ ರೀತಿ ಹೇಳುತ್ತಿದ್ದರು. ಗಾಲ್ಫ್ ಅಂದರೆ "ಗಂಡಸರಿಗೆ ಮಾತ್ರ, ಹೆಂಗಸರಿಗೆ ಇಲ್ಲ" ಅಂತ ಇನ್ನೊಂದು. 1457ರಲ್ಲೇ ಸ್ಕಾಟ್ಲೆಂಡಿನ ಸಂಸತ್ತು ಗಾಲ್ಫ್ ಆಡಬಾರದು ಅಂತ ಕಾಯ್ದೆ ಮಾಡಿ ಈ ಹೆಸರನ್ನು ಬರೆದಿದೆ. ಮೊದಲಕ್ಷರ ಜೋಡಿಸಿ ಹೊಸ ಪದ ಕಟ್ಟುವ ಅಭ್ಯಾಸ ಬಲವಾಗಿ ಬೇರೂರಿದ್ದು 20ನೇ ಶತಮಾನದಲ್ಲಿ. ರೇಡಾರ್, ಲೇಸರ್ ನಿಜಕ್ಕೂ ಹಾಗೆ ಹುಟ್ಟಿದವು. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಹೀಗೆ ಬಿಡಿಸಿ ಹೇಳಿದರೆ, ಮೊದಲು ಅನುಮಾನಪಡಿ.

ಪಾಶ್, ಅಂದರೆ ಸಿರಿವಂತಿಕೆಯ, ಠೀವಿಯ ಎಂಬ ಅರ್ಥದ ಪದ. ಅದರ ಕತೆಯಲ್ಲಿ ನಮ್ಮ ದೇಶವೂ ಬರುತ್ತದೆ. ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಹಡಗಿನ ಎಡಬದಿಯಲ್ಲಿ ನೆರಳು, ವಾಪಸ್ ಹೋಗುವಾಗ ಬಲಬದಿಯಲ್ಲಿ ನೆರಳು. ಸಾಹುಕಾರರು ಆ ಕೋಣೆಗಳನ್ನೇ ಕೇಳುತ್ತಿದ್ದರಂತೆ, ಅವರ ಟಿಕೆಟ್ ಮೇಲೆ "ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್" ಎಂಬ ನಾಲ್ಕು ಅಕ್ಷರ ಒತ್ತುತ್ತಿದ್ದರಂತೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಆ ಅಕ್ಷರ ಒತ್ತಿದ ಒಂದು ಟಿಕೆಟ್ಟೂ ಇದುವರೆಗೆ ಸಿಕ್ಕಿಲ್ಲ. ಪದ ಈ ಅರ್ಥದಲ್ಲಿ ಬರಹದಲ್ಲಿ ಕಂಡದ್ದು ಮೊದಲ ಮಹಾಯುದ್ಧದ ಹೊತ್ತಿಗೆ, ಹಡಗಿನ ಕತೆ ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ. ಪದ ಮೊದಲು, ಕತೆ ಆಮೇಲೆ. ಇಸವಿ ನೋಡಿದರೆ ಇಷ್ಟು ಗೊತ್ತಾಗುತ್ತದೆ.

ಸ್ಯಾಲರಿ ಸ್ವಲ್ಪ ಬೇರೆ. ಅದು ಲ್ಯಾಟಿನ್ನಿನ ಸಲಾರಿಯುಂನಿಂದ ಬಂದದ್ದು ನಿಜ, ಆ ಪದಕ್ಕೆ ಉಪ್ಪಿನ ನಂಟಿರುವುದೂ ನಿಜ. ರೋಮನ್ ಸೈನಿಕರಿಗೆ ಸಂಬಳವನ್ನೇ ಉಪ್ಪಿನಲ್ಲಿ ಕೊಡುತ್ತಿದ್ದರು ಅನ್ನುವುದಕ್ಕೆ ಮಾತ್ರ ಆ ಕಾಲದ ಗಟ್ಟಿ ದಾಖಲೆ ಇಲ್ಲ. ನಾನೂ ಬಹಳ ವರ್ಷ ಅದನ್ನೇ ನಂಬಿದ್ದೆ. ಅರ್ಧ ನಿಜ ಇರುವ ಕತೆಯನ್ನು ಬಿಡಿಸುವುದು ಪೂರ್ತಿ ಸುಳ್ಳು ಬಿಡಿಸುವುದಕ್ಕಿಂತ ಕಷ್ಟ. ನೋಟ್‌ಬುಕ್ಕಿನಲ್ಲಿ ನಿಜದ ಭಾಗವನ್ನು ಮಾತ್ರ ಬರೆದುಕೊಳ್ಳಿ.

ಹಂತ 5: ಅರ್ಥ ಎತ್ತ ಜಾರಿತು ನೋಡಿ

ಪದದ ರೂಪ ಬದಲಾದ ಹಾಗೆ ಅರ್ಥವೂ ಬದಲಾಗುತ್ತದೆ. ನೈಸ್ ಲ್ಯಾಟಿನ್ನಿನಲ್ಲಿ "ಏನೂ ಗೊತ್ತಿಲ್ಲದವನು", ಇಂಗ್ಲಿಷಿಗೆ ಬಂದಾಗ "ಪೆದ್ದ". ಆಮೇಲೆ ನಾಜೂಕು, ಸೂಕ್ಷ್ಮ ಅಂತೆಲ್ಲ ಸುತ್ತಿ "ಚೆನ್ನಾಗಿದೆ" ಆಯಿತು. ಸಿಲ್ಲಿ ಇದಕ್ಕೆ ತದ್ವಿರುದ್ಧ. ಅದು "ಪುಣ್ಯವಂತ" ಎಂಬಲ್ಲಿಂದ ಮುಗ್ಧ, ಪಾಪದವನು ಅಂತ ಇಳಿದು "ಪೆದ್ದು" ಆಯಿತು. ಮೀಟ್ ಅಂದರೆ ಮೊದಲು ಯಾವುದೇ ಆಹಾರ. ಹಳೆಯ ಮಿಠಾಯಿ ಅಂಗಡಿ ಬೋರ್ಡಿನಲ್ಲಿ "ಸ್ವೀಟ್ ಮೀಟ್ ಸ್ಟಾಲ್" ಅಂತ ನೋಡಿ ಗಾಬರಿಯಾದವರಿದ್ದೀರಾ? ಅಲ್ಲಿ ಉಳಿದಿರುವುದು ಆ ಹಳೆಯ ಅರ್ಥ.

ಡಿಯರ್ ಅಂದರೆ ಈಗ ಜಿಂಕೆ, ಹಳೆಯ ಇಂಗ್ಲಿಷಿನಲ್ಲಿ ಯಾವುದೇ ಪ್ರಾಣಿ. ಸಂಸ್ಕೃತದ ಮೃಗಕ್ಕೂ ಈ ಎರಡೂ ಅರ್ಥ ಇವೆ. ಮೃಗಾಲಯದ ಮೃಗ ಎಲ್ಲ ಪ್ರಾಣಿ, ಮೃಗಚರ್ಮದ ಮೃಗ ಜಿಂಕೆ. ಬೇಟೆಗೆ ಹೋದವರಿಗೆ ಜಾಸ್ತಿ ಸಿಗುವ ಪ್ರಾಣಿಗೇ ಆ ಹೆಸರು ಅಂಟಿಕೊಳ್ಳುವುದು ಸಹಜ.

ಎಚ್ಚರ: "ಇದರ ನಿಜವಾದ ಅರ್ಥ ಇದು" ಅಂತ ಹಳೆಯ ಅರ್ಥವನ್ನು ಹಿಡಿದು ಜಗಳಕ್ಕೆ ಹೋಗಬೇಡಿ. ಇವತ್ತು ನೈಸ್ ಅಂದವರು ನಿಮ್ಮನ್ನು ಪೆದ್ದ ಅಂದಿಲ್ಲ. ಹಳೆಯ ಅರ್ಥ ಪದದ ಚರಿತ್ರೆ, ಈಗಿನ ಅರ್ಥ ಅದರ ಬದುಕು.

ಹಂತ 6: ದಾಯಾದಿ ಯಾರು, ನೆಂಟ ಯಾರು, ಹೋಲುವವರು ಯಾರು?

ಈ ಹಂತದಲ್ಲಿ ನಿಧಾನ ಮಾಡಿ. ಫಾದರ್ ಮತ್ತು ಪಿತೃ, ತ್ರೀ ಮತ್ತು ತ್ರಿ, ನೇಮ್ ಮತ್ತು ನಾಮ. ಇವು ಒಂದೇ ಅಜ್ಜನ ಮೊಮ್ಮಕ್ಕಳು, ದಾಯಾದಿ ಪದಗಳು. ಭಾಷಾಶಾಸ್ತ್ರದಲ್ಲಿ ಇವಕ್ಕೆ ಕಾಗ್ನೇಟ್ ಅಂತ ಹೆಸರು. ಒಂದು ಭಾಷೆ ಇನ್ನೊಂದರಿಂದ ತೆಗೆದುಕೊಂಡ ಪದ ಬೇರೆ. ಅದು ಎರವಲು. ದಾಯಾದಿಯೂ ಅಲ್ಲದೆ ಎರವಲೂ ಅಲ್ಲದೆ ಸುಮ್ನೆ ಹೋಲುವ ಪದಗಳು ಇನ್ನೂ ಬೇರೆ.

ದಾಯಾದಿಗಳನ್ನು ಗುರುತಿಸುವುದು ಹೇಗೆ? ಹೋಲಿಕೆ ಒಂದೇ ಪದದಲ್ಲಿ ಇದ್ದರೆ ಸಾಲದು, ಸಾಲು ಸಾಲು ಪದಗಳಲ್ಲಿ ಒಂದೇ ನಿಯಮದಲ್ಲಿ ಇರಬೇಕು. ಇದು ಕನ್ನಡಿಗರಿಗೆ ತಕ್ಷಣ ಅರ್ಥವಾಗುವ ವಿಷಯ. ಹಳಗನ್ನಡದ ಪಾಲ್ ಈಗ ಹಾಲು, ಪುಲಿ ಹುಲಿ, ಪೂ ಹೂ, ಪಲ್ ಹಲ್ಲು. ತಮಿಳಿನಲ್ಲಿ ಈಗಲೂ "ಪ" ಉಳಿದಿದೆ. ಪದದ ಮೊದಲಿನ "ಪ" ಕನ್ನಡದಲ್ಲಿ ಒಂದೇ ರೀತಿ "ಹ" ಆಗುತ್ತಾ ಹೋಯಿತು. ಇಂಗ್ಲಿಷಿನ ಮನೆತನದಲ್ಲೂ ಹಾಗೇ ಆಯಿತು, ಅಲ್ಲಿ "ಪ" ಹೋಗಿ "ಫ" ಬಂತು. ಪಿತೃ–ಫಾದರ್, ಪಾದ–ಫುಟ್. "ದ" ಹೋಗಿ "ಟ" ಬಂತು: ದಂತ–ಟೂತ್, ದಶ–ಟೆನ್, ದ್ವಿ–ಟೂ. ಈ ನಿಯಮವನ್ನು ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿ ಬರೆದರು. ಅದಕ್ಕೇ ಗ್ರಿಮ್ ನಿಯಮ ಅನ್ನುತ್ತಾರೆ.

ಈಗ ಪರೀಕ್ಷೆ. ನಮ್ಮ ಎಂಟು ಮತ್ತು ಇಂಗ್ಲಿಷಿನ ಏಯ್ಟ್ ಒಂದೇ ಅಂತ ಬಹಳ ಜನ ನನಗೆ ಹೇಳಿದ್ದಾರೆ. ತಮಿಳಿನ ಎಟ್ಟು ಕೇಳಿದರಂತೂ ಇನ್ನೂ ಹತ್ತಿರ ಅನ್ನಿಸುತ್ತದೆ. ಏಯ್ಟ್‌ನ ದಾಯಾದಿಗಳನ್ನು ಸಾಲಾಗಿ ನಿಲ್ಲಿಸಿ: ಲ್ಯಾಟಿನ್ ಅಕ್ಟೋ, ಜರ್ಮನ್ ಆಖ್ಟ್, ಸಂಸ್ಕೃತ ಅಷ್ಟ. ಇಂಗ್ಲಿಷಿನಲ್ಲೂ ನಡುವೆ ಒಂದು "ಖ್" ಥರದ ಸದ್ದು ಇತ್ತು, ಕಾಗುಣಿತದಲ್ಲಿ ಅದರ ಗುರುತು ಜಿ-ಎಚ್ ಆಗಿ ಇನ್ನೂ ಉಳಿದಿದೆ. ಎಂಟರ ಮನೆತನ ನೋಡಿ: ತಮಿಳು ಎಟ್ಟು, ತೆಲುಗು ಎನಿಮಿದಿ. ಇಲ್ಲಿ ಮೂಲದಲ್ಲಿರುವುದು "ಎಣ್". ಹಿಂದಕ್ಕೆ ಹೋದಷ್ಟೂ ಈ ಎರಡೂ ಸಾಲುಗಳು ದೂರ ದೂರ ಆಗುತ್ತವೆ. ದಾಯಾದಿಗಳಾಗಿದ್ದರೆ ಹಿಂದೆ ಹೋದಷ್ಟೂ ಹತ್ತಿರ ಬರಬೇಕಿತ್ತು. ಒಂದು ಮತ್ತು ಒನ್ ಕೂಡ ಹೀಗೇ. ಒನ್ ಹಿಂದೆ "ಆನ್" ಆಗಿತ್ತು. ಮೊದಲಿನ "ವ" ಸದ್ದು ಬಹಳ ತಡವಾಗಿ ಸೇರಿದ್ದು. ಓನ್ಲಿ, ಅಲೋನ್ ಪದಗಳಲ್ಲಿ ಆ "ವ" ಇಲ್ಲದಿರುವುದನ್ನು ಗಮನಿಸಿ.

ಎಚ್ಚರ: ಪಿತೃ ಮತ್ತು ಫಾದರ್ ದಾಯಾದಿಗಳು ಅಂದರೆ ಫಾದರ್ ಸಂಸ್ಕೃತದಿಂದ ಹುಟ್ಟಿತು ಅಂತ ಅಲ್ಲ. ಚಿಕ್ಕಪ್ಪನ ಮಗ ನಿಮ್ಮ ಮಗ ಅಲ್ಲವಲ್ಲ, ಹಾಗೆ. 1786ರಲ್ಲಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಹೇಳಿದ್ದೂ ಇದನ್ನೇ: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಬಹುಶಃ ಈಗ ಇಲ್ಲದ ಒಂದು ಮೂಲದಿಂದ ಬಂದಿರಬೇಕು ಅಂತ.

ಹಂತ 7: ನಮ್ಮ ಕಡೆಯಿಂದ ಹೋದ ಪದವಾ? ಸಾಕ್ಷಿ ಕೇಳಿ

ನಮ್ಮ ಪದ ಇಂಗ್ಲಿಷಿನಲ್ಲಿ ಕಂಡರೆ ಖುಷಿಯಾಗುತ್ತದೆ, ಆಗಲೇಬೇಕು. ಆ ಖುಷಿ ಗಟ್ಟಿಯಾಗಿ ನಿಲ್ಲಬೇಕಾದರೆ ಸಾಕ್ಷಿ ಬೇಕು. ದಕ್ಷಿಣದಿಂದ ಹೋದ ಪದಗಳಲ್ಲಿ ಹಲವು ಮೊದಲು ಪೋರ್ಚುಗೀಸಿಗೆ ಹೋಗಿ ಆಮೇಲೆ ಇಂಗ್ಲಿಷಿಗೆ ಹೋದವು. ಹಾಗಾಗಿ ನಡುವೆ ಪೋರ್ಚುಗೀಸ್ ಮೆಟ್ಟಿಲು ಇದೆಯಾ ಅಂತ ನೋಡಿ. ಮ್ಯಾಂಗೋ, ಟೀಕ್, ಜ್ಯಾಕ್‌ಫ್ರೂಟ್ ಈ ದಾರಿಯವು. ಅರೀಕಾ, ಅಂದರೆ ಅಡಿಕೆಮರದ ಶಾಸ್ತ್ರೀಯ ಹೆಸರಿನ ಮೊದಲ ಭಾಗ, ಅದೂ ಹಾಗೇ. ನಿಘಂಟುಗಳು ಮಲಯಾಳದ ಅಡಯ್ಕವನ್ನು ಹೆಸರಿಸುತ್ತವೆ, ನಮ್ಮ ಅಡಿಕೆ ಅದರ ಒಡಹುಟ್ಟು. ಕಟಮರಾನ್ ತಮಿಳಿನ ಕಟ್ಟುಮರಂ. ಮರದ ದಿಮ್ಮಿ ಕಟ್ಟಿ ಮಾಡಿದ ತೆಪ್ಪ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಜಿಂಜರ್ ಎಲ್ಲಕ್ಕಿಂತ ಸೊಗಸು. ಹಿಂದಕ್ಕೆ ಹೋದರೆ ಲ್ಯಾಟಿನ್, ಗ್ರೀಕಿನ ಝಿಂಗಿಬೆರಿಸ್, ಪಾಲಿಯ ಸಿಂಗಿವೇರ. ಅದಕ್ಕೂ ಹಿಂದೆ ದ್ರಾವಿಡದ ಇಂಜಿ ಮತ್ತು ವೇರ್ ಎಂದು ವಿದ್ವಾಂಸರು ತೋರಿಸಿದ್ದಾರೆ. ಇಂಜಿ ಈಗಲೂ ತಮಿಳು, ಮಲಯಾಳದಲ್ಲಿ ಶುಂಠಿಯ ಹೆಸರು. ವೇರ್ ಅಂದರೆ ನಮ್ಮ ಬೇರು. ಸಂಸ್ಕೃತದಲ್ಲಿ ಇದು ಶೃಂಗವೇರ ಆಯಿತು, "ಕೊಂಬಿನಂಥ ಮೈ ಇರುವುದು" ಅಂತ ಅರ್ಥ ಹೇಳಿದರು. ಬೇರೆ ಭಾಷೆಯಿಂದ ಬಂದ ಪದಕ್ಕೆ ತಮ್ಮ ಭಾಷೆಯಲ್ಲೇ ಅರ್ಥ ಹೊಂದಿಸುವ ಇಂಥ ಕೆಲಸಕ್ಕೆ ಜಾನಪದ ನಿಷ್ಪತ್ತಿ ಅನ್ನುತ್ತಾರೆ. ನಾವು ಶುಂಠಿ ಕೊಂಬು, ಅರಿಶಿನ ಕೊಂಬು ಅನ್ನುವವರು, ಹಾಗಾಗಿ ಆ ಅರ್ಥ ಯಾಕೆ ಒಪ್ಪಿಗೆಯಾಯಿತು ಅಂತ ಸುಲಭವಾಗಿ ಗೊತ್ತಾಗುತ್ತದೆ. ಹಾಬ್ಸನ್-ಜಾಬ್ಸನ್ ಪುಸ್ತಕದ ಹೆಸರೇ ಇದಕ್ಕೆ ಇನ್ನೊಂದು ಉದಾಹರಣೆ. ಮೊಹರಂನಲ್ಲಿ ಕೂಗುವ "ಯಾ ಹಸನ್, ಯಾ ಹುಸೇನ್" ಬ್ರಿಟಿಷ್ ಸಿಪಾಯಿಗಳ ಕಿವಿಯಲ್ಲಿ ಹಾಗಾಯಿತು.

ಈಗ ಕಾಸು ಮತ್ತು ಕ್ಯಾಶ್. ಇಲ್ಲಿ ಹುಷಾರಾಗಿರಬೇಕು, ಯಾಕೆಂದರೆ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದ ಎರಡು ಕ್ಯಾಶ್ ಇವೆ. ಒಂದು ದಕ್ಷಿಣ ಭಾರತದ ಚಿಕ್ಕ ನಾಣ್ಯದ ಹೆಸರು. ಅದು ತಮಿಳಿನ ಕಾಸಿನಿಂದ, ಪೋರ್ಚುಗೀಸಿನ ಮೂಲಕ ಹೋದದ್ದು. ಇನ್ನೊಂದು ನಾವು ಈಗ ಬ್ಯಾಂಕಿನಲ್ಲಿ ಹೇಳುವ ಕ್ಯಾಶ್. ಅದು ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್ ಮತ್ತು ಇಟಾಲಿಯನ್ ಪದಗಳ ಕಡೆಯದು. ಮೊದಲು ಹಣದ ಪೆಟ್ಟಿಗೆ, ಆಮೇಲೆ ಅದರಲ್ಲಿದ್ದ ಹಣ. ಅಂದರೆ ಕಾಸು ಇಂಗ್ಲಿಷಿಗೆ ಹೋದದ್ದು ನಿಜ, ಎಟಿಎಂನ ಕ್ಯಾಶ್ ಅದಲ್ಲ. ನಿಘಂಟಿನಲ್ಲಿ ಪದದ ಪಕ್ಕ 1, 2 ಅಂತ ಬೇರೆ ಬೇರೆ ನಮೂದು ಇವೆಯಾ ಅಂತ ತಪ್ಪದೆ ನೋಡಿ.

ಆರೆಂಜ್ ಬಗ್ಗೆಯೂ ಒಂದು ಮಾತು. ಸಂಸ್ಕೃತದ ನಾರಂಗ, ಪಾರಸಿ, ಅರಬ್ಬಿ ದಾಟಿ ಯುರೋಪಿಗೆ ಹೋಯಿತು. ನಾರಂಗದ ಹಿಂದೆಯೂ ದ್ರಾವಿಡ ಮೂಲ ಇದೆ ಅಂತ ಹಲವು ನಿಘಂಟುಗಳು ಹೇಳುತ್ತವೆ. ಮೊದಲಿನ "ನ" ಇಂಗ್ಲಿಷಿನಲ್ಲಿ "ಎ ನಾರೆಂಜ್" ಅನ್ನುವಾಗ ಬಿದ್ದುಹೋಯಿತು ಅಂತ ಎಷ್ಟೋ ಕಡೆ ಬರೆದಿದ್ದಾರೆ. ಅದು ಬಿದ್ದದ್ದು ಇಂಗ್ಲಿಷಿಗೆ ಬರುವ ಮೊದಲೇ, ಫ್ರೆಂಚ್ ಮತ್ತು ಇಟಾಲಿಯನ್ನಿನಲ್ಲಿ. ಇಂಗ್ಲಿಷಿನಲ್ಲೇ ಹಾಗೆ "ನ" ಕಳೆದುಕೊಂಡ ಪದ ಬೇಕಿದ್ದರೆ ಏಪ್ರನ್ ಇದೆ, ಅದು ಮೊದಲು ನೇಪ್ರನ್ ಆಗಿತ್ತು.

ಹಂತ 8: ಎರಡು ಕಡೆ ತಾಳೆ ನೋಡಿ, ಒಂದು ಸಾಲಿನಲ್ಲಿ ಬರೆದಿಡಿ

ಕನಿಷ್ಠ ಎರಡು ನಿಘಂಟು ಒಪ್ಪಬೇಕು. ಒಪ್ಪದಿದ್ದರೆ ಎರಡನ್ನೂ ಬರೆದುಕೊಳ್ಳಿ, ನಿಮಗೆ ಇಷ್ಟವಾದದ್ದನ್ನು ಮಾತ್ರ ಆರಿಸಬೇಡಿ. ಬರೆಯುವಾಗ ಪದ, ಇಂಗ್ಲಿಷಿಗೆ ಬಂದ ಕಾಲ, ಮೆಟ್ಟಿಲುಗಳು, ಹಳೆಯ ಅರ್ಥ, ಈಗಿನ ಅರ್ಥ, ಇಷ್ಟು ಇರಲಿ. ಹೀಗೆ:

ಶುಗರ್. 13ನೇ ಶತಮಾನದ ಕೊನೆ. ಹಳೆಯ ಫ್ರೆಂಚ್, ಲ್ಯಾಟಿನ್, ಅರಬ್ಬಿ, ಪಾರಸಿ, ಸಂಸ್ಕೃತ. ಮರಳು, ನೊರಜು. ಸಕ್ಕರೆ.

"ಬಹುಶಃ", "ಇರಬಹುದು" ಅಂತ ನಿಘಂಟು ಹೇಳಿದ್ದರೆ ಆ ಪದವನ್ನು ನೀವೂ ಬಿಡದೆ ಬರೆಯಿರಿ. ಯಾರಿಗಾದರೂ ಹೇಳುವಾಗಲೂ ಬಿಡಬೇಡಿ. ಒಬ್ಬರ "ಇರಬಹುದು" ಮೂರನೆಯವರ ಬಾಯಿಗೆ ಹೋಗುವಷ್ಟರಲ್ಲಿ "ಹೌದು" ಆಗಿರುತ್ತದೆ.

ಕೆಲವು ಪದಗಳ ಮುಂದೆ "ಮೂಲ ತಿಳಿಯದು" ಅಂತ ಬಂದರೆ ನೀವು ಹುಡುಕಿದ್ದು ಸರಿಯಾಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಇಂಗ್ಲಿಷ್ ಕಲಿಯುವ ಮಗು ಮೊದಲ ವಾರದಲ್ಲೇ ಕಲಿಯುವ ಡಾಗ್ ಪದಕ್ಕೂ ಅದೇ ಗತಿ. ಹಳೆಯ ಇಂಗ್ಲಿಷಿನಲ್ಲಿ ನಾಯಿಗೆ ಸಾಮಾನ್ಯವಾಗಿ ಹೇಳುತ್ತಿದ್ದ ಪದ ಹೌಂಡ್. ಅದರ ದಾಯಾದಿಗಳು ಯುರೋಪಿನ ತುಂಬ ಇದ್ದಾರೆ, ಸಂಸ್ಕೃತದ ಶ್ವಾನವೂ ಆ ಬಳಗದ್ದೇ. ಡಾಗ್ ಮಾತ್ರ ಎಲ್ಲಿಂದಲೋ ಬಂದು ಹೌಂಡ್‌ನ ಜಾಗದಲ್ಲಿ ಕೂತಿತು. ಎಲ್ಲಿಂದ ಅಂತ ಇನ್ನೂ ಯಾರಿಗೂ ತೋರಿಸಲು ಆಗಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಡಾಗ್ ಎದುರಿನ ಸಾಲು ಖಾಲಿ ಇದೆ, ನಿಮ್ಮದರಲ್ಲೂ ಖಾಲಿ ಬಿಡಿ.